ಕಲ್ಯಾಣದ ವಾಡೆ, ಊರಿನ ಚೌಕಿಮನೆ: ಎರಡಕ್ಕೂ ಒಂದೇ ಅಂಕಣ

ಕಲ್ಯಾಣ್: ಬೆಳಿಗ್ಗೆ ಲೋಕಲ್ ಹಿಡಿದು ಮುಂಬಯಿಗೆ ಹೋಗಿ ರಾತ್ರಿ ಮರಳುವ ಡೊಂಬಿವಲಿ, ಥಾಣೆ, ನವಿಮುಂಬಯಿ ಪರಿಸರದ ತುಳು-ಕನ್ನಡಿಗರಿಗೆ ಕಲ್ಯಾಣ್ ಎಂದರೆ ಮೊದಲು ನೆನಪಾಗುವುದು ಜಂಕ್ಷನ್. ಊರಿಗೆ ಹೋಗುವಾಗಲೋ ಬರುವಾಗಲೋ ಗಾಡಿ ಬದಲಿಸುವ ಜಾಗ, ಅಷ್ಟೆ. ಆದರೆ ನಿಲ್ದಾಣದ ಪಶ್ಚಿಮಕ್ಕೆ ಇಳಿದು, ಶಿವಾಜಿ ಚೌಕದ ಗದ್ದಲ ದಾಟಿ ಟಿಳಕ ಚೌಕ, ಪಾರನಾಕಾ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರೆ ರಸ್ತೆ ಕಿರಿದಾಗುತ್ತದೆ, ರಿಕ್ಷಾದ ಸದ್ದು ತಗ್ಗುತ್ತದೆ. ಹೊಸ ಏಳು ಮಹಡಿ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಹಂಚಿನ ಮಾಡು, ಮರದ ಕಟಕಟೆಯ ಮಾಳಿಗೆ, ಬೀದಿಗೆ ತೆರೆದ ಜಗಲಿ ಕಾಣಿಸುತ್ತದೆ. ಇವು ಕಲ್ಯಾಣದ ಹಳೆಯ ವಾಡೆಗಳ ಪೈಕಿ ಉಳಿದವು.

ಕರಾವಳಿಯವರೊಬ್ಬರು ಇಂತಹ ಮನೆಯ ಒಳ ಅಂಗಳದಲ್ಲಿ ನಿಂತರೆ ಹೊಸ ಜಾಗಕ್ಕೆ ಬಂದಂತೆ ಅನಿಸುವುದಿಲ್ಲ. ನಡುವೆ ಆಕಾಶಕ್ಕೆ ತೆರೆದ ಚೌಕ, ಅದರಲ್ಲೊಂದು ತುಳಸಿ ಕಟ್ಟೆ, ಸುತ್ತ ಮರದ ಕಂಬಗಳ ಪಡಸಾಲೆ, ಮೂಲೆಯಲ್ಲಿ ಕತ್ತಲೆಯ ಕಡಿದಾದ ಏಣಿಮೆಟ್ಟಿಲು. ಊರಲ್ಲಿ ಅದಕ್ಕೆ ಚೌಕಿಮನೆ ಎನ್ನುತ್ತಾರೆ, ಹಳೇ ಮೈಸೂರಿನವರು ತೊಟ್ಟಿಮನೆ ಎನ್ನುತ್ತಾರೆ, ಬೆಳಗಾವಿ, ಧಾರವಾಡ, ವಿಜಾಪುರದವರು ವಾಡೆ ಎಂದೇ ಕರೆಯುತ್ತಾರೆ. ಹೆಸರು ಬೇರೆ ಬೇರೆಯಾದರೂ ಬಡಗಿಯ ಲೆಕ್ಕ ಬಹುಪಾಲು ಒಂದೇ. ಮತ್ತು ಈ ಮನೆಗಳಿಗೆ ಇಂದು ಒದಗಿರುವ ಸಂಕಟವೂ ಒಂದೇ.

ಬಂದರಿನ ಊರು, ಸುಭೇದಾರರ ಪೇಟೆ

ಇದು ಬಸವಣ್ಣನವರ ಕಲ್ಯಾಣವಲ್ಲ. ಆ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ. ಉಲ್ಹಾಸ್ ನದಿಯ ಖಾಡಿಯ ದಂಡೆಯ ಈ ಕಲ್ಯಾಣ ಎರಡು ಸಾವಿರ ವರ್ಷಗಳ ಹಿಂದೆಯೇ ಬಂದರು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಇದರ ಹೆಸರಿದೆ. ಕೆಂಪು ಸಮುದ್ರದ ಕಡೆಯಿಂದ ಬರುತ್ತಿದ್ದ ನಾವಿಕರಿಗಾಗಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಕೈಪಿಡಿಯೂ ಇದನ್ನು ಹೆಸರಿಸುತ್ತದೆ. 1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ-ಭಿವಂಡಿಯನ್ನು ಗೆದ್ದರು. ಮರಾಠರ ನೌಕಾಪಡೆಯ ಮೊದಲ ಹಡಗುಗಳು ಸಿದ್ಧವಾದದ್ದು ಇದೇ ಖಾಡಿಯಲ್ಲಿ ಎಂಬುದು ಕಲ್ಯಾಣದವರ ಹೆಮ್ಮೆ. ಹಿಂದೆ ಶಹಾಪುರ, ಮುರ್ಬಾಡ್ ಕಡೆಯ ಸಾಗುವಾನಿ ಕಾಡು, ಮುಂದೆ ನೀರಿನ ದಾರಿ. ಮರಕ್ಕೆ ಕೊರತೆಯಿರಲಿಲ್ಲ, ಮರ ಬಲ್ಲ ಕೈಗಳಿಗೂ ಕೊರತೆಯಿರಲಿಲ್ಲ.

1737ರಲ್ಲಿ ಥಾಣೆ, 1739ರಲ್ಲಿ ವಸಾಯಿ ಪೋರ್ಚುಗೀಸರಿಂದ ಮರಾಠರ ಕೈಸೇರಿದ ಮೇಲೆ ಈ ಪ್ರದೇಶದ ಆಡಳಿತ ಪೇಶ್ವೆಗಳ ಸುಭೇದಾರರದ್ದಾಯಿತು. ಅವರಲ್ಲಿ ಹೆಸರಾದವರು ರಾಮಾಜಿ ಮಹಾದೇವ ಬಿವಲ್ಕರ್. ಥಾಣೆಯ ಕೋಪಿನೇಶ್ವರ ದೇವಸ್ಥಾನವನ್ನು 1760ರ ಸುಮಾರಿಗೆ ಕಟ್ಟಿಸಿದವರೂ ಇವರೇ. ಅಧಿಕಾರಿಗಳು, ಕಾರಕೂನರು, ಪುರೋಹಿತರು, ವ್ಯಾಪಾರಿಗಳು ಬಂದು ನೆಲೆಸಿದಂತೆ ಪುಣೆಯ ಮಾದರಿಯ ವಾಡೆಗಳು ಕಲ್ಯಾಣದಲ್ಲಿಯೂ ಎದ್ದವು. ಮುಂದೆ 1854ರಲ್ಲಿ ರೈಲು ಥಾಣೆಯಿಂದ ಕಲ್ಯಾಣಕ್ಕೆ ಬಂತು. ಊರಿನ ಮುಖ ಖಾಡಿಯಿಂದ ನಿಲ್ದಾಣದ ಕಡೆಗೆ ತಿರುಗಿತು.

ಇಂತಹ ವಾಡೆಗಳ ಓಣಿಗಳಿದ್ದ ಕಲ್ಯಾಣದಲ್ಲಿಯೇ 1865ರ ಮಾರ್ಚ್ 31ರಂದು ಯಮುನಾ ಎಂಬ ಹೆಣ್ಣುಮಗು ಹುಟ್ಟಿತು. ಒಂಬತ್ತನೇ ವಯಸ್ಸಿಗೆ ಅಂಚೆ ಗುಮಾಸ್ತ ಗೋಪಾಲರಾವ್ ಜೋಶಿಯವರೊಂದಿಗೆ ವಿವಾಹವಾದ ಆಕೆ ಮುಂದೆ ಅಮೆರಿಕಕ್ಕೆ ತೆರಳಿ 1886ರಲ್ಲಿ ವೈದ್ಯಕೀಯ ಪದವಿ ಪಡೆದ ಡಾ. ಆನಂದಿಬಾಯಿ ಜೋಶಿ. ಇನ್ನು ಸುಭೇದಾರ್ ವಾಡಾ. ಹೆಸರೇ ಹೇಳುವಂತೆ ಅದು ಸುಭೇದಾರರ ವಾಸದ ಜಾಗ. 1895ರಿಂದ ಅಲ್ಲಿ ಸಾರ್ವಜನಿಕ ಗಣೇಶೋತ್ಸವ ನಡೆದುಕೊಂಡು ಬಂದಿದೆ. ಹಳೆಯ ವಾಡೆ ಈಗ ಇಲ್ಲ, ಅದರ ಹೆಸರು ಹೊತ್ತ ಶಾಲೆ ಇದೆ. ಮನೆ ಹೋದರೂ ಮನೆಯ ಹೆಸರು ಊರಿನ ಬಾಯಲ್ಲಿ ಉಳಿದಿರುವುದಕ್ಕೆ ಇದೊಂದು ಉದಾಹರಣೆ.

ಅಂಕಣದ ಲೆಕ್ಕ

ಈಗಿನ ಫ್ಲ್ಯಾಟನ್ನು ಚದರಡಿಯಲ್ಲಿ ಅಳೆಯುತ್ತಾರೆ. ವಾಡೆಯನ್ನು ಅಳೆಯುತ್ತಿದ್ದದ್ದು 'ಖಣ'ದಲ್ಲಿ. ಒಂದು ಕಂಬದಿಂದ ಇನ್ನೊಂದು ಕಂಬದವರೆಗಿನ ಜಾಗ ಒಂದು ಖಣ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಮಾತು 'ಅಂಕಣ'. ಊರಿನ ಹಿರಿಯರು "ಅವರದ್ದು ಎಷ್ಟು ಅಂಕಣದ ಮನೆ?" ಎಂದು ಕೇಳುತ್ತಿದ್ದುದು ಇದೇ ಲೆಕ್ಕದಲ್ಲಿ. ಪತ್ರಿಕೆಯ ಪುಟದಲ್ಲಿ ಉದ್ದಕ್ಕೆ ಇಳಿಯುವ ಸಾಲಿಗೂ ಕನ್ನಡಿಗರು ಅಂಕಣ ಎಂದೇ ಹೇಳುತ್ತಾರೆ. ಓದುಗರು ದಿನವೂ ಬಳಸುವ ಈ ಶಬ್ದದೊಳಗೆ ಒಂದು ಹಳೆಯ ಮನೆ ಇದೆ ಎಂದರೆ ಅತಿಶಯೋಕ್ತಿಯಾಗದು.

ಕೆಲಸದ ಕ್ರಮ ಹೀಗೆ. ಮೊದಲು ಕಲ್ಲಿನ ಎತ್ತರದ ಪಂಚಾಂಗ. ಅದರ ಮೇಲೆ ಪ್ರತಿ ಕಂಬಕ್ಕೂ ಒಂದೊಂದು ಪೀಠದ ಕಲ್ಲು. ಮರ ನೆಲದ ತೇವವನ್ನು ಮುಟ್ಟಬಾರದು, ಅದಕ್ಕೇ ಈ ಕಲ್ಲು. ಕಂಬದ ತಲೆಯ ಮೇಲೆ ಎರಡೂ ಬದಿಗೆ ಕೈಚಾಚಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆಗಳು, ಜಂತೆಯ ಮೇಲೆ ಹಲಗೆ, ಅದರ ಮೇಲೆ ಮಣ್ಣು ಬಡಿದ ಮಾಳಿಗೆಯ ನೆಲ. ಒಂದು ಮರದ ತುದಿಯಲ್ಲಿ ನಾಲಗೆ ಬಿಟ್ಟು, ಇನ್ನೊಂದರಲ್ಲಿ ಅದಕ್ಕೆ ತಕ್ಕ ತೂತು ಕೊರೆದು ಕೂರಿಸಿ, ಅಡ್ಡಕ್ಕೆ ಮರದ ಗೂಟ ಬಡಿಯುತ್ತಾರೆ. ಮುಖ್ಯ ಜೋಡಣೆಗಳಿಗೆ ಕಬ್ಬಿಣದ ಮೊಳೆ ಬೇಕಿಲ್ಲ.

ಈ ಮರದ ಚೌಕಟ್ಟು ಎದ್ದು ನಿಂತ ಮೇಲೆಯೇ ಕಂಬಗಳ ನಡುವಿನ ಜಾಗಕ್ಕೆ ಇಟ್ಟಿಗೆ, ಮಣ್ಣು ತುಂಬುತ್ತಾರೆ. ಎಂದರೆ ಭಾರ ಹೊರುವುದು ಹೆಚ್ಚಾಗಿ ಮರ, ಗೋಡೆ ಬರೀ ಮರೆ. ಮುಖ್ಯ ಅಂಗಳದ ಕಂಬಗಳು ಬುಡದಲ್ಲಿ ಉಬ್ಬಿ ಮೇಲಕ್ಕೆ ಸಪೂರವಾಗುವ ಸುರೂ ಮರದ ಆಕಾರದವು, ಅವುಗಳ ನಡುವೆ ಬಾಗಿದ ಮರದ ಕಮಾನು, ಕಮಾನಿನ ಮೂಲೆಯಲ್ಲಿ ಬಾಳೆಹೂವಿನ ಕೆತ್ತನೆ. ಪುಣೆಯಲ್ಲಿ ಎರಡನೇ ಬಾಜೀರಾವ್ 1807ರಲ್ಲಿ ಮುಗಿಸಿದ ವಿಶ್ರಾಮಬಾಗ್ ವಾಡೆಯಲ್ಲಿ ಈ ಕೆಲಸವನ್ನು ಇಂದಿಗೂ ಕಾಣಬಹುದು. ಕಲ್ಯಾಣದ ಮನೆಗಳು ಅಷ್ಟು ಶ್ರೀಮಂತವಲ್ಲ, ಆದರೆ ಕೈ ಅದೇ.

ಊರಿನ ಚೌಕಿಮನೆಗೂ ಇದಕ್ಕೂ ವ್ಯತ್ಯಾಸ ಇಲ್ಲದಿಲ್ಲ. ಕರಾವಳಿಯಲ್ಲಿ ಹೊರಗೋಡೆ ಮಣ್ಣಿನದ್ದು ಅಥವಾ ಕೆಂಪುಕಲ್ಲಿನದ್ದು, ಭಾರದಲ್ಲಿ ಅದಕ್ಕೂ ಪಾಲಿದೆ. ಮರದ ಕೆಲಸವೆಲ್ಲ ಒಳ ಚೌಕದ ಕಂಬ, ಚಾವಡಿ, ಮುಚ್ಚಿಗೆ ಮತ್ತು ಮಾಡಿನಲ್ಲಿ. ಸಾಗುವಾನಿಯ ಜೊತೆಗೆ ಹಲಸು, ಬೋಗಿ ಮರಗಳೂ ಇರುತ್ತವೆ. ಮಳೆ ಹೆಚ್ಚು, ಆದ್ದರಿಂದ ಮಾಡಿನ ಇಳಿಜಾರೂ ಹೆಚ್ಚು. ಮಳೆ ಕಡಿಮೆಯಾದ ಉತ್ತರ ಕರ್ನಾಟಕದ ವಾಡೆಗಳಲ್ಲಿ ಚಪ್ಪಟೆ ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಂಡಿ. ಇನ್ನೊಂದು ನಂಟೂ ಇದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿತು. ನಮ್ಮವರು ಹೊಟೇಲು ಕೆಲಸಕ್ಕೆಂದು ಮುಂಬಯಿಗೆ ಬಂದು ಇಳಿಯುವ ಮೊದಲೇ ನಮ್ಮ ಊರಿನ ಹಂಚು ಈ ಕಡೆಯ ಮಾಡುಗಳನ್ನು ಏರಿತ್ತು.

ಗೋಡೆ ಬಿದ್ದರೂ ನಿಲ್ಲುವ ಮನೆ

ಮರದ ಚೌಕಟ್ಟಿನ ಗುಣ ತಿಳಿದದ್ದು ಕಷ್ಟದ ಕಾಲದಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಮಂದಿ ಮಣ್ಣು-ಕಲ್ಲಿನ ಕೆಳಗೆ ಸಿಕ್ಕಿ ಪ್ರಾಣ ಬಿಟ್ಟರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಕುಸಿದವು. ಆದರೆ ಅನೇಕ ಮನೆಗಳಲ್ಲಿ ಗೋಡೆ ಪೂರ್ತಿ ಬಿದ್ದ ಮೇಲೂ ಒಳಗಿನ ಮರದ ಖಣಗಳು ನಿಂತೇ ಇದ್ದುದನ್ನು ಅಲ್ಲಿಗೆ ಹೋದ ಎಂಜಿನಿಯರರು ದಾಖಲಿಸಿದ್ದಾರೆ. ಮರ ಬಾಗುತ್ತದೆ, ಜೋಡಣೆ ಸ್ವಲ್ಪ ಸಡಿಲಗೊಂಡು ಮತ್ತೆ ಕೂರುತ್ತದೆ. ಕಾಶ್ಮೀರದಲ್ಲಿಯೂ, 1755ರ ಭೂಕಂಪದ ನಂತರ ಪುನಃ ಕಟ್ಟಿದ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿಯೂ ಗೋಡೆಯೊಳಗೆ ಮರದ ಚೌಕಟ್ಟು ಇಡುವ ಪದ್ಧತಿ ಇರುವುದು ಇದೇ ಕಾರಣಕ್ಕೆ.

ಹಾಗೆಂದು ಮರಕ್ಕೆ ಶತ್ರುಗಳಿಲ್ಲವೆಂದಲ್ಲ. ಮೊದಲನೆಯದು ಬೆಂಕಿ. 1732ರಲ್ಲಿ ಗೃಹಪ್ರವೇಶವಾದ ಪುಣೆಯ ಶನಿವಾರವಾಡೆ 1828ರ ಫೆಬ್ರವರಿಯಲ್ಲಿ ಹೊತ್ತಿ ದಿನಗಟ್ಟಲೆ ಉರಿಯಿತು, ಉಳಿದದ್ದು ಕಲ್ಲಿನ ಕೋಟೆ ಮತ್ತು ಪಂಚಾಂಗ. ಎರಡನೆಯದು ನೀರು. ಒಡೆದ ಒಂದು ಹಂಚನ್ನು ಎರಡು ಮಳೆಗಾಲ ಬದಲಿಸದೆ ಬಿಟ್ಟರೆ ಕೆಳಗಿನ ಪಕ್ಕಾಸು, ಅದರ ಕೆಳಗಿನ ತೊಲೆಯ ತುದಿ, ಕೊನೆಗೆ ಕಂಬದ ತಲೆ ಕೊಳೆಯುತ್ತಾ ಬರುತ್ತದೆ. ಮೂರನೆಯದು ಗೆದ್ದಲು. ನಾಲ್ಕನೆಯದು ಮನುಷ್ಯರ ಉಪಕಾರ! ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆಯೊಳಗಿನ ಮರದ ಮೇಲೆ ಕೂರುತ್ತದೆ. ಮಾಳಿಗೆಯ ಮೇಲೆ ಅನಂತರ ಕೂಡಿಸಿದ ಬಚ್ಚಲು, ಶೌಚಾಲಯಗಳ ಸೋರಿಕೆಯೂ ಹೀಗೆಯೇ. ಮನೆ ಮುದಿಯಾಯಿತೆಂದು ಎಲ್ಲರೂ ಹೇಳುವ ಹೊತ್ತಿಗೆ ಅಲ್ಲಿ ಕೆಟ್ಟಿರುವುದು ಅನೇಕ ಸಲ ನಾಲ್ಕೈದು ಮರದ ತುದಿಗಳು ಮಾತ್ರ.

ಮಳೆಗಾಲಕ್ಕೆ ಮುಂಚೆ ಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿ ಪ್ರಕಟಿಸುತ್ತವೆ. ಜೀವದ ಪ್ರಶ್ನೆ ಬಂದಾಗ ಅದನ್ನು ಹಗುರವಾಗಿ ನೋಡಬಾರದು. ಅದೇ ವೇಳೆ ಹಳೆಯದೆಲ್ಲ ಅಪಾಯ, ಹೊಸದೆಲ್ಲ ಭದ್ರ ಎಂಬ ನಂಬಿಕೆಯೂ ಸರಿಯಲ್ಲ. 2013ರ ಏಪ್ರಿಲ್ 4ರಂದು ಥಾಣೆಯ ಶಿಲ್‌ಫಾಟಾ ಬಳಿ ಕುಸಿದು 74 ಮಂದಿಯನ್ನು ಬಲಿ ತೆಗೆದುಕೊಂಡದ್ದು ಹಳೆಯ ವಾಡೆಯಲ್ಲ, ಅನಧಿಕೃತವಾಗಿ ಏಳುತ್ತಿದ್ದ ಹೊಸ ಕಾಂಕ್ರೀಟು ಕಟ್ಟಡ ಎಂಬುದನ್ನು ಮರೆಯುವಂತಿಲ್ಲ.

ಆದಾಯ ನಿಂತ ಮನೆ

ವಾಡೆಗಳು ಯಾಕೆ ಉರುಳಿದವು ಎಂದು ಕೇಳಿದರೆ ಗೆದ್ದಲಿಗಿಂತ ಮೊದಲು ಜಮಾ-ಖರ್ಚಿನ ಪುಸ್ತಕ ನೋಡಬೇಕು. ದೊಡ್ಡ ಮನೆಗೆ ದೊಡ್ಡ ಖರ್ಚು. ಹಿಂದೆ ಇನಾಮು, ಜಮೀನಿನ ಉತ್ಪನ್ನದಿಂದ ಅದು ನಡೆಯುತ್ತಿತ್ತು. ಅದು ಕಡಿಮೆಯಾದ ಮೇಲೆ ವಾಡೆಯ ಅಂಕಣಗಳನ್ನು ಬಾಡಿಗೆಗೆ ಕೊಟ್ಟರು. 1947ರ ಮುಂಬಯಿ ಬಾಡಿಗೆ ಕಾಯ್ದೆ ಬಾಡಿಗೆದಾರರಿಗೆ ತಲೆಯ ಮೇಲೆ ಸೂರು ಖಚಿತಪಡಿಸಿತು, ನಗರಕ್ಕೆ ಬಂದ ಬಡವರಿಗೆ ಅದು ಅಗತ್ಯವೇ ಆಗಿತ್ತು. ಆದರೆ ಬಾಡಿಗೆ ನಿಂತಲ್ಲೇ ನಿಂತಿತು, ಹಂಚು-ಮರ-ಕೂಲಿಯ ದರ ನಿಲ್ಲಲಿಲ್ಲ. ಮಾಲೀಕ ದುರಸ್ತಿ ಮಾಡಲಿಲ್ಲ, ಬಾಡಿಗೆದಾರ ತನ್ನದಲ್ಲದ ಮನೆಗೆ ಹಣ ಹಾಕಲಿಲ್ಲ. 1999ರ ಹೊಸ ಬಾಡಿಗೆ ನಿಯಂತ್ರಣ ಕಾಯ್ದೆ ಬರುವ ಹೊತ್ತಿಗೆ ಅನೇಕ ಮನೆಗಳಿಗೆ ಕಾಲ ಮೀರಿತ್ತು. ಇತ್ತ ನೆಲದ ಬೆಲೆ ಏರಿತು. ಬಿಲ್ಡರ್ ಬಂದು ಎಲ್ಲರಿಗೂ ಒಂದೊಂದು ಫ್ಲ್ಯಾಟ್ ಕೊಡುತ್ತೇನೆ ಎಂದಾಗ ಬೇಡವೆನ್ನಲು ಯಾರಿಗೂ ಕಾರಣವಿರಲಿಲ್ಲ.

ಇದನ್ನು ಓದುವ ಡೊಂಬಿವಲಿಯ ಕನ್ನಡಿಗರಿಗೆ ಊರಿನ ಕಥೆ ನೆನಪಾಗದಿರದು. ಅಳಿಯಸಂತಾನದ ಗುತ್ತುಮನೆಗಳಲ್ಲಿ ಆಸ್ತಿ ಒಡೆಯದೆ ಉಳಿಯುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ತೆರೆಯಿತು. 1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ಬಂತು. ಅದು ನ್ಯಾಯವೇ, ಅದರಿಂದ ಬದುಕು ಕಟ್ಟಿಕೊಂಡವರ ಮಕ್ಕಳೂ ಇಂದು ಇದೇ ನಗರಗಳಲ್ಲಿದ್ದಾರೆ. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೊಡ್ಡ ಮನೆಯ ಮಾಡಿಗೆ ಹಂಚು ಹಾಕುವವರು ಯಾರು ಎಂಬ ಪ್ರಶ್ನೆ ಅಂದಿನಿಂದ ಉಳಿಯಿತು. ಮಕ್ಕಳು ಮುಂಬಯಿಗೆ ಬಂದರು. ಊರಿನ ಮನೆಯಲ್ಲಿ ವಯಸ್ಸಾದ ಒಬ್ಬ ಅತ್ತೆಯೋ ದೊಡ್ಡಮ್ಮನೋ ದೀಪ ಹಚ್ಚಲು ಉಳಿದರು. ಅವರ ನಂತರ ಬೀಗ. ಈಗ ಆ ಮನೆಯ ಭವಿಷ್ಯ ಊರಿನಲ್ಲಿಲ್ಲ. ಅದು ಡೊಂಬಿವಲಿ, ಕಲ್ವಾ, ವಾಶಿ, ನೆರೂಲ್‌ಗಳ ಕಪಾಟುಗಳಲ್ಲಿರುವ ಮುಖತ್ಯಾರ ಪತ್ರಗಳಲ್ಲಿದೆ. ಎಷ್ಟೋ ವಾರಸುದಾರರು, ಪ್ರತಿಯೊಬ್ಬರಿಗೂ ಒಂದು ಸಹಿ. ಪಾರನಾಕಾದ ವಾಡೆಯನ್ನು ಕಂಡು "ಅಯ್ಯೋ ಪಾಪ" ಎನ್ನುವವರ ಕೈಯಲ್ಲಿಯೇ ಇನ್ನೊಂದು ಚೌಕಿಮನೆಯ ಅಳಿವು-ಉಳಿವು ಇದೆ.

ಬ್ಯಾಂಕ್ ಉದ್ಯೋಗಿಯ ಉತ್ತರ

ಈ ಸಂಕಟಕ್ಕೆ ಒಂದು ಉತ್ತರ ಕೊಟ್ಟವರು ಮಣಿಪಾಲದ ವಿಜಯನಾಥ ಶೆಣೈ. ರಾಜವಂಶದವರಲ್ಲ, ಜಮೀನ್ದಾರರಲ್ಲ, ಬ್ಯಾಂಕ್ ಉದ್ಯೋಗಿಯಾಗಿದ್ದವರು. ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲುಗಳನ್ನು ಉಳಿಸುವ ಹವ್ಯಾಸದಿಂದ ಆರಂಭಿಸಿ, 'ಹಸ್ತಶಿಲ್ಪ' ಎಂಬ ತಮ್ಮ ವಾಸದ ಮನೆಯನ್ನೇ ಅವುಗಳಿಂದ ಕಟ್ಟಿದರು. ಆಮೇಲೆ ಕಂಬ-ಬಾಗಿಲು ಸಾಲದು, ಇಡೀ ಮನೆಯೇ ಉಳಿಯಬೇಕೆಂದು ಹೊರಟರು. ಮಣಿಪಾಲದ ಅನಂತನಗರದಲ್ಲಿ ಸುಮಾರು ಆರು ಎಕರೆಯಲ್ಲಿ ಎದ್ದ ಪಾರಂಪರಿಕ ಗ್ರಾಮದಲ್ಲಿ ಇಂದು ಇನ್ನೂರು ವರ್ಷ ಹಿಂದಿನ ಕುಂಜೂರು ಚೌಕಿಮನೆ, ಹರ್ಕೂರು ಒಳಗಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರು ಹಾಲ್ ಮೊದಲಾದವು ಅಕ್ಕಪಕ್ಕದಲ್ಲಿ ನಿಂತಿವೆ. ಶೆಣೈಯವರು 2017ರ ಮಾರ್ಚ್‌ನಲ್ಲಿ ತೀರಿಕೊಂಡರು, ಅವರ ಕೆಲಸ ನಿಂತಿದೆ.

ಇದು ಸಾಧ್ಯವಾದದ್ದು ಬಡಗಿಯ ಆ ಹಳೆಯ ಲೆಕ್ಕದಿಂದ. ಗೂಟ ಬಡಿದು ಕೂಡಿಸಿದ್ದನ್ನು ಗೂಟ ತೆಗೆದು ಬಿಡಿಸಬಹುದು. ಪ್ರತಿ ಮರಕ್ಕೂ ಗುರುತಿನ ಸಂಖ್ಯೆ ಹಾಕಿ, ನಕ್ಷೆ ಬರೆದು, ಬಿಚ್ಚಿ, ಸಾಗಿಸಿ, ಅದೇ ಕ್ರಮದಲ್ಲಿ ಮತ್ತೆ ನಿಲ್ಲಿಸಬಹುದು. ಕಾಂಕ್ರೀಟು ಮನೆಯನ್ನು ಒಡೆದರೆ ಉಳಿಯುವುದು ಮಣ್ಣುಪಾಲಾಗುವ ಚೂರು, ಮರದ ಮನೆಯನ್ನು ಬಿಚ್ಚಿದರೆ ಉಳಿಯುವುದು ಇನ್ನೊಂದು ಮನೆ. ಆದರೆ ಗುರುತು ಹಾಕದೆ ಬಿಚ್ಚಿದರೆ ಉಳಿಯುವುದು ಬರೀ ಸಾಗುವಾನಿ. ಜೋಗೇಶ್ವರಿಯ ಓಶಿವರಾ ಫರ್ನಿಚರ್ ಮಾರುಕಟ್ಟೆಯಲ್ಲಿ ಸಾಲಾಗಿ ಒರಗಿಸಿಟ್ಟ ಹಳೆಯ ಕಂಬಗಳನ್ನು ನೋಡಿದವರಿಗೆ ಈ ಮಾತು ಅರ್ಥವಾದೀತು. ಯಾವ ಕಂಬ ಯಾವ ಊರಿನದ್ದು, ಯಾರ ಮನೆಯ ಮಂಗಳಕಾರ್ಯಕ್ಕೆ ಅದಕ್ಕೆ ಮಾವಿನ ತೋರಣ ಕಟ್ಟಿದ್ದರು, ಯಾರೂ ಹೇಳಲಾರರು.

ಮನೆಯನ್ನು ಮ್ಯೂಸಿಯಮಿಗೆ ಸಾಗಿಸುವುದು ಕೊನೆಯ ಉಪಾಯ. ಇದ್ದ ಜಾಗದಲ್ಲಿಯೇ ಉಳಿಯುವುದು ಉತ್ತಮ, ಅದಕ್ಕೆ ಮನೆಗೊಂದು ಕೆಲಸ ಬೇಕು. ವಿಶ್ರಾಮಬಾಗ್ ವಾಡೆಯಲ್ಲಿ 1821ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು, ಮುಂದೆ ಅಲ್ಲಿ ಅಂಚೆಕಚೇರಿಯೂ ನಡೆಯಿತು. ಜನ ಓಡಾಡಿದ್ದರಿಂದ ಸೋರಿಕೆ ಕಣ್ಣಿಗೆ ಬಿತ್ತು, ದುರಸ್ತಿಗೆ ಒಬ್ಬರಾದರೂ ಹೊಣೆಯಾದರು. ಬೀಗ ಹಾಕಿದ ಮನೆಗೆ ಈ ಭಾಗ್ಯವಿಲ್ಲ.

ಸಹಿ ಹಾಕುವ ಮುನ್ನ

ಎಲ್ಲ ಹಳೆಯ ಮನೆಗಳನ್ನೂ ಉಳಿಸಬೇಕೆಂದು ಹೇಳುವುದು ಸುಲಭ, ಖರ್ಚು ಹೊರುವವರಿಗೆ ಅದು ಸುಲಭವಲ್ಲ. ಮಕ್ಕಳ ಓದು, ಮಗಳ ಮದುವೆ, ಫ್ಲ್ಯಾಟಿನ ಕಂತುಗಳ ನಡುವೆ ಊರಿನ ಪಾಲು ಮಾರುವವರನ್ನು ದೂರುವಂತಿಲ್ಲ. ಆದರೂ ಸಹಿಗೆ ಮುನ್ನ ಮಾಡಬಹುದಾದ, ಹೆಚ್ಚು ಹಣ ಬೇಡದ ಕೆಲವು ಕೆಲಸಗಳಿವೆ.

ಮೊದಲನೆಯದಾಗಿ, ಮುಂದಿನ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳ ಕೈಗೆ ಅಳತೆಪಟ್ಟಿ ಕೊಟ್ಟು ಮನೆಯ ಅಂಕಣಗಳನ್ನು ಎಣಿಸಿ ನಕ್ಷೆ ಬರೆಸುವುದು. ಪ್ರತಿ ಕಂಬ, ಬೋದಿಗೆ, ಬಾಗಿಲವಾಡದ ಫೋಟೋ ತೆಗೆದಿಡುವುದು. ಎರಡನೆಯದಾಗಿ, ಹಿರಿಯರು ಇರುವಾಗಲೇ ಕೋಣೆಗಳ, ಮರದ ಭಾಗಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು. ಮನೆ ಬಿದ್ದರೆ ಮುಚ್ಚಿಗೆ, ಜಂತೆ, ಬೋದಿಗೆ ಎಂಬ ಮಾತುಗಳೂ ಬೀಳುತ್ತವೆ. ಮೂರನೆಯದಾಗಿ, "ಹಾಳಾಗಿದೆ" ಎಂದು ಕೊಳ್ಳುವವರು ಹೇಳಿದ್ದನ್ನೇ ನಂಬದೆ ಮರ ಬಲ್ಲ ಬಡಗಿಯೊಬ್ಬರಿಂದ ಅಥವಾ ಹಳೆಯ ಕಟ್ಟಡಗಳ ಅನುಭವವಿರುವ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸುವುದು. ಕೊಳೆತ ಕಂಬದ ಬುಡವನ್ನಷ್ಟೇ ಕತ್ತರಿಸಿ ಹೊಸ ಮರ ಕೂಡಿಸುವ ವಿದ್ಯೆ ಬಲ್ಲವರು ಇನ್ನೂ ಇದ್ದಾರೆ. ನಾಲ್ಕನೆಯದಾಗಿ, ಉಳಿಸಲು ಸಾಧ್ಯವೇ ಇಲ್ಲವೆಂದಾದರೆ, ಮರವನ್ನು ಗುರುತು ಹಾಕಿಯೇ ಬಿಚ್ಚಬೇಕೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸುವುದು. ಒಂದು ಸಾಲಿಗೆ ಖರ್ಚಿಲ್ಲ.

ಈ ಪರಿಸರದ ಕನ್ನಡ ಸಂಘಗಳು ವರ್ಷಕ್ಕೊಂದು ಪ್ರವಾಸ, ರಾಜ್ಯೋತ್ಸವಕ್ಕೊಂದು ಪ್ರದರ್ಶನ ಏರ್ಪಡಿಸುವುದು ವಾಡಿಕೆ. ಒಂದು ಭಾನುವಾರ ಬೆಳಿಗ್ಗೆ ಪಾರನಾಕಾದಿಂದ ಖಾಡಿಯ ದಂಡೆಯವರೆಗೆ ಸದಸ್ಯರನ್ನು ಮಕ್ಕಳೊಂದಿಗೆ ನಡೆಸಿಕೊಂಡು ಹೋಗುವುದು, ಸದಸ್ಯರ ಹುಟ್ಟೂರಿನ ಮನೆಗಳ ಫೋಟೋ-ನಕ್ಷೆಗಳನ್ನು ನವೆಂಬರ್ ಒಂದರಂದು ಸಭಾಗೃಹದ ಗೋಡೆಗೆ ಏರಿಸುವುದು ಕಷ್ಟದ ಮಾತಲ್ಲ. ಕರ್ಮಭೂಮಿಯ ವಾಡೆಯನ್ನು ಕಂಡ ಮಗು ಜನ್ಮಭೂಮಿಯ ಚೌಕಿಮನೆಯನ್ನು ಬೇರೆ ಕಣ್ಣಿನಿಂದ ನೋಡೀತು.

ಫ್ಲ್ಯಾಟಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಮುಂದೊಂದು ದಿನ "ನಮ್ಮದು ಎಷ್ಟು ಅಂಕಣದ ಮನೆಯಾಗಿತ್ತು?" ಎಂದು ಕೇಳಿಯಾರು. ಮನೆ ಉಳಿದಿದ್ದರೆ ಕರೆದುಕೊಂಡು ಹೋಗಿ ತೋರಿಸಬಹುದು. ಉಳಿಯದಿದ್ದರೆ ಕೊನೆಯ ಪಕ್ಷ ನಕ್ಷೆ ಬಿಡಿಸಿ ಲೆಕ್ಕ ಹೇಳುವಂತಿರಬೇಕು.